ಸುತ್ತು ಬರುವ ರಾಗ



ನವರಾತ್ರಿಯ ಮೊದಲ ದಿನ ಸಂಜೆ ಆರೂವರೆಗೆ ವಡೋದರಾದ ಯಾವುದಾದರೂ ಗರ್ಬಾ ಮೈದಾನಕ್ಕೆ ಹೋಗಿ ನಿಲ್ಲಬೇಕು. ಜನ ಬರುವುದಕ್ಕೆ ಇನ್ನೂ ಎರಡು ಮೂರು ತಾಸು ಇರುತ್ತದೆ. ವೇದಿಕೆಯ ಮೇಲೆ ವೈರು ಎಳೆಯುವವರು, ಢೋಲಿನ ಹಗ್ಗ ಬಿಗಿಯುವವರು, ಮೈಕು ಹಿಡಿದು "ಹಲೋ, ಚೆಕ್, ಚೆಕ್" ಅನ್ನುವವರು. ಎರಡು ವರ್ಷದ ಹಿಂದೆ ಅಂಥದೊಂದು ಸಂಜೆ, ನಮ್ಮ ಸೊಸೈಟಿಯ ಅಂಗಳದಲ್ಲಿ, ಕೀಬೋರ್ಡಿನ ಹುಡುಗ ಸದ್ದು ಸರಿಯಿದೆಯೇ ನೋಡಲು ಒಂದು ತುಣುಕು ನುಡಿಸಿದ. ಗರ್ಬಾದ್ದಲ್ಲ, ಸಿನಿಮಾದ್ದೂ ಅಲ್ಲ. ಸಿತಾರಿನಂಥ ದನಿಯಲ್ಲಿ ಸ್ವರಗಳು ಹನಿಹನಿಯಾಗಿ ಉದುರಿದವು, ಅವುಗಳ ಮೇಲೆ ತೆಳುವಾದ ಇನ್ನೊಂದು ದನಿ ನಿಧಾನಕ್ಕೆ ಎದ್ದಿತು. ಕುರ್ಚಿ ಜೋಡಿಸುತ್ತಿದ್ದ ನನ್ನ ಮಗ ಕೈಯಲ್ಲಿದ್ದ ಕುರ್ಚಿಯನ್ನು ಹಾಗೇ ಹಿಡಿದು ನಿಂತುಬಿಟ್ಟ.

"ಅಪ್ಪಾ, ಇದು ಕ್ರೋನೋ ಟ್ರಿಗರ್‌ದು."

ನನಗೆ ಅದು ಯಾವುದೋ ಔಷಧಿಯ ಹೆಸರಿನಂತೆ ಕೇಳಿಸಿತು. ಅಷ್ಟರಲ್ಲಿ ಮಗ ವೇದಿಕೆಯ ಹತ್ತಿರ ಹೋಗಿ ಆ ಹುಡುಗನ ಕೈ ಕುಲುಕಿಯೂ ಆಗಿತ್ತು. ಒಬ್ಬ ತೀರ್ಥಹಳ್ಳಿ ಕಡೆಯ ಬ್ಯಾಂಕ್ ನೌಕರನ ಮಗ, ಇನ್ನೊಬ್ಬ ಸೂರತ್ತಿನ ಮಗ್ಗದವರ ಮನೆಯ ಹುಡುಗ. ಇಬ್ಬರಿಗೂ ಬೇರೆ ಪರಿಚಯ ಬೇಕಾಗಲಿಲ್ಲ.

ನಾನು ಇಲ್ಲಿಗೆ ಬಂದದ್ದು ಹೇಗೆ ಎಂದು ಕೇಳುವವರಿಗೆ ಒಂದು ಮಾತು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಆ ಹೊಳೆಯಲ್ಲಿ ತೇಲಿ ಬಂದ ಅನೇಕರಲ್ಲಿ ನಾನೂ ಒಬ್ಬ. ಸಂಗೀತ ಓದಿದವನಲ್ಲ. ಯಕ್ಷಗಾನದ ಚಂಡೆ ಕೇಳಿ ಬೆಳೆದವನು, ಅಷ್ಟೇ. ವಿಡಿಯೋ ಗೇಮಿನ ಸದ್ದು ಅಂದರೆ ತಲೆನೋವು ಎಂದು ನಂಬಿಕೊಂಡಿದ್ದವನು ಇವತ್ತು ಅದರ ಬಗ್ಗೆಯೇ ಮಾತಾಡಲು ಕೂತಿದ್ದೇನೆ.

ಕ್ರೋನೋ ಟ್ರಿಗರ್ ಎಂಬುದು 1995ರ ಮಾರ್ಚಿನಲ್ಲಿ ಜಪಾನಿನ ಸ್ಕ್ವೇರ್ ಕಂಪನಿ ಹೊರತಂದ ಆಟ. ರೋಲ್ ಪ್ಲೇಯಿಂಗ್ ಗೇಮ್ ಎಂಬ ಜಾತಿಯದು. ನಮ್ಮ ಕಡೆಯ ಮಾತಿನಲ್ಲಿ ಹೇಳಿದರೆ ವೇಷ ಕಟ್ಟಿ ಆಡುವ ಆಟ. ಆಡುವವನು ಒಬ್ಬ ಹುಡುಗನ ವೇಷ ತೊಟ್ಟು ಊರೂರು ಅಲೆಯುತ್ತಾನೆ, ಗೆಳೆಯರನ್ನು ಕೂಡಿಸಿಕೊಳ್ಳುತ್ತಾನೆ, ಕಾಲದ ಬಾಗಿಲು ತೆರೆದು ಸಾವಿರಾರು ವರ್ಷ ಹಿಂದಕ್ಕೂ ಮುಂದಕ್ಕೂ ಹೋಗುತ್ತಾನೆ. ಇದು ಅರ್ಧ ತಾಸಿನಲ್ಲಿ ಮುಗಿಯುವ ಆಟವಲ್ಲ. ಇಪ್ಪತ್ತು ಮೂವತ್ತು ತಾಸು ಬೇಕು. ದಾರಿ ತಪ್ಪಿದರೆ ಇನ್ನೂ ಹೆಚ್ಚು. ಆ ಹೊತ್ತೆಲ್ಲ ಹಿನ್ನೆಲೆಯಲ್ಲಿ ಸಂಗೀತ ನುಡಿಯುತ್ತಲೇ ಇರುತ್ತದೆ.

ಅದನ್ನು ಕಟ್ಟಿದವರು ಯಾಸುನೋರಿ ಮಿತ್ಸುದಾ. ಆಗ ಅವರಿಗೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ಕಂಪನಿಯಲ್ಲಿ ಕತ್ತಿಯ ಸದ್ದು, ಬಾಗಿಲ ಸದ್ದು ಮಾಡಿಕೊಡುವ ಕೆಲಸ. ರಾಗ ಕಟ್ಟಲು ಬಿಡದಿದ್ದರೆ ಕೆಲಸ ಬಿಡುತ್ತೇನೆಂದು ಮೇಲಿನವರ ಮುಂದೆ ಹಟ ಹಿಡಿದರಂತೆ. ಸರಿ, ಇದನ್ನು ಮಾಡು ಎಂದು ಈ ಆಟವನ್ನೇ ಕೈಗಿತ್ತರು. ಹುಡುಗ ಸ್ಟುಡಿಯೋದಲ್ಲೇ ಮಲಗಿ ಎದ್ದು ಕೆಲಸ ಮಾಡಿದ. ನಡುವೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟು, ಅರ್ಧ ಕಟ್ಟಿದ್ದ ಸುಮಾರು ನಲವತ್ತು ರಚನೆಗಳು ಅಳಿಸಿಹೋದವು. ಕೊನೆಗೆ ಹೊಟ್ಟೆಯಲ್ಲಿ ಹುಣ್ಣಾಗಿ ಆಸ್ಪತ್ರೆ ಸೇರಿದ. ಉಳಿದ ಕೆಲವನ್ನು ಮುಗಿಸಿಕೊಟ್ಟವರು ಫೈನಲ್ ಫ್ಯಾಂಟಸಿ ಆಟಗಳ ಸಂಗೀತಗಾರ ನೋಬುವೋ ಉಏಮಾತ್ಸು. ಮಿತ್ಸುದಾ ವಾಪಸು ಬಂದು, ಸಿದ್ಧವಾದ ಆಟದ ಕೊನೆಯ ದೃಶ್ಯವನ್ನು ಜೊತೆಗಾರರೊಡನೆ ಕೂತು ನೋಡಿ ಅತ್ತರೆಂದು ಹೇಳುತ್ತಾರೆ. ಅಳದೆ ಏನು ಮಾಡಿಯಾರು?

ನನ್ನ ಮಗ ಹುಟ್ಟಿದ್ದು 2001ರಲ್ಲಿ, ಆಟ ಬಂದು ಆರು ವರ್ಷಕ್ಕೆ. ಕೀಬೋರ್ಡಿನ ಹುಡುಗ ಅವನಿಗಿಂತ ಚಿಕ್ಕವನು. ಇದನ್ನು ಯಾಕೆ ಹೇಳಿದೆನೆಂದರೆ, ಹಳೆಯ ಆಟದ ರಾಗ ಯಾಕೆ ಹಿಡಿಸುತ್ತದೆ ಎಂದು ಕೇಳಿದರೆ ಎಲ್ಲರೂ ಥಟ್ಟನೆ ಕೊಡುವ ಉತ್ತರ ಒಂದೇ, ಬಾಲ್ಯದ ನೆನಪು. ಇವರಿಬ್ಬರ ಬಾಲ್ಯದಲ್ಲಿ ಈ ಆಟವೇ ಇರಲಿಲ್ಲ. ನಮ್ಮ ದೇಶದಲ್ಲಿ ಆ ಕಾಲಕ್ಕೆ ಸಿಗುತ್ತಿದ್ದದ್ದು ಟಿವಿಗೆ ಸಿಕ್ಕಿಸುವ ನಕಲಿ ಡಬ್ಬಿಗಳು. ಆಟದ ಬಿಲ್ಲೆಗೆ ನಾವೆಲ್ಲ ಕ್ಯಾಸೆಟ್ಟು ಅನ್ನುತ್ತಿದ್ದೆವು. ಆಡದಿದ್ದರೆ ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸುತ್ತಿದ್ದೆವು. ಅದರಲ್ಲಿ ಮಾರಿಯೋ ಇತ್ತು, ಕಾಂಟ್ರಾ ಇತ್ತು. ವೇಷ ಕಟ್ಟುವ ದೊಡ್ಡ ಆಟಗಳಿಗೆ ಅಲ್ಲಿ ಜಾಗವಿರಲಿಲ್ಲ. ಆಟ ಎಲ್ಲಿಗೆ ನಿಂತಿತೆಂದು ನೆನಪಿಡಲು ಕ್ಯಾಸೆಟ್ಟಿನೊಳಗೆ ಒಂದು ಬ್ಯಾಟರಿ ಬೇಕು, ಮೇಲಾಗಿ ಓದುವುದಕ್ಕೆ ಮಾತು ಬಹಳ. ಮಗ ಇದನ್ನು ಆಡಿದ್ದು ಕಾಲೇಜಿನ ದಿನಗಳಲ್ಲಿ, ಕಂಪ್ಯೂಟರಿನ ಮೇಲೆ. ಅಂದರೆ ಪ್ರೀತಿ ಬಾಲ್ಯದಿಂದ ಬಂದದ್ದಲ್ಲ, ರಾಗದಿಂದಲೇ ಬಂದದ್ದು.

ಹಾಗಾದರೆ ಆ ರಾಗದಲ್ಲಿ ಏನಿದೆ?

ಇದಕ್ಕೆ ನನಗೆ ಉತ್ತರ ಹೊಳೆದದ್ದು ಅವತ್ತೇ ರಾತ್ರಿ, ಗರ್ಬಾ ನೋಡುತ್ತಾ. ನಡುವೆ ಅಂಬೆಯ ದೀಪ, ಸುತ್ತ ಜನರ ವೃತ್ತ, ವೃತ್ತದ ಹೊರಗೆ ಇನ್ನೊಂದು ವೃತ್ತ. ಹಾಡು ಮುಗಿಯುವುದಿಲ್ಲ. ಒಂದು ಸಾಲು ಹೋಗುತ್ತದೆ, ತಿರುಗಿ ಅದೇ ಬರುತ್ತದೆ. ಹೆಜ್ಜೆ ಮುಂದೆ, ಚಪ್ಪಾಳೆ, ಹೆಜ್ಜೆ ಹಿಂದೆ. ವಡೋದರಾದ ಗರ್ಬಾಕ್ಕೆ ಹೆಚ್ಚು ಅವಸರವಿಲ್ಲ, ಅದು ಬೀಸುಗಲ್ಲಿನಂತೆ ತಿರುಗುತ್ತದೆ. ಗಂಟೆಗಟ್ಟಲೆ ಅದೇ ರಾಗ ಕೇಳಿದರೂ ಕುಣಿಯುವವರಿಗೆ ಬೇಸರವಿಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿ ಕೂತ ನನಗೆ ಕಾಲು ಗಂಟೆಗೇ ಆಕಳಿಕೆ. ಅಂಥ ರಾಗವನ್ನು ಕೂತು ಕೇಳಲಿ ಎಂದು ಕಟ್ಟಿರುವುದಿಲ್ಲ. ಅದರೊಳಗೆ ನಡೆಯಬೇಕು. ಸುತ್ತು ಹಾಕುವವನಿಗೆ ಅದು ನೆಲವಿದ್ದಂತೆ.

ಆಟದ ಸಂಗೀತವೂ ಹಾಗೆಯೇ. ಅದು ಒಂದು ಒಂದೂವರೆ ನಿಮಿಷ ನಡೆದು, ಎಲ್ಲಿ ಮುಗಿಯಿತು ಎಲ್ಲಿ ಸುರುವಾಯಿತು ಎಂದು ತಿಳಿಯದ ಹಾಗೆ ಮೊದಲಿಗೆ ಬಂದು ಸೇರುತ್ತದೆ. ಆಡುವವನು ಕಾಡಿನಲ್ಲಿ ದಾರಿ ತಪ್ಪಿ ಅರ್ಧ ತಾಸು ಅಲೆದರೆ ಅದೇ ರಾಗ ಇಪ್ಪತ್ತು ಮೂವತ್ತು ಸಲ ಕಿವಿಗೆ ಬೀಳುತ್ತದೆ. ಸಿನಿಮಾ ಸಂಗೀತಗಾರನಿಗೆ ಈ ಕಷ್ಟವಿಲ್ಲ. ಅವನ ರಾಗ ಒಂದು ಸಲ ಚುರುಕ್ಕೆನಿಸಿದರೆ ಸಾಕು. ಮೂವತ್ತನೆಯ ಸಲವೂ ಚುಚ್ಚದ, ಆದರೆ ಮನಸ್ಸಿನಿಂದ ಜಾರಿಯೂ ಹೋಗದ ರಾಗ ಕಟ್ಟುವುದು ಬೇರೆಯದೇ ಕಸುಬು. ಅಲ್ಲಿ ಥಳಕು ನಡೆಯುವುದಿಲ್ಲ, ಥಳಕು ಮೂರನೆಯ ಸುತ್ತಿಗೇ ಹಳಸುತ್ತದೆ.

ಇನ್ನು ಆ ಆಟದ ಯಂತ್ರಗಳ ಬಡತನ ಕೇಳಿ. 1980ರ ದಶಕದ ಜಪಾನಿ ಡಬ್ಬಿಯಲ್ಲಿ ಒಟ್ಟು ಐದು ದನಿಗಳು. ಅವುಗಳಲ್ಲಿ ಒಂದು ಬರೀ ಸುಯ್ ಎನ್ನುವ ಸದ್ದು. 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್ ಎಂಬ ಆಟಕ್ಕೆ ಕೋಯಿಚಿ ಸುಗಿಯಾಮಾ ಇಷ್ಟರಲ್ಲೇ ಸಂಗೀತ ಕೊಟ್ಟರು. ಆಗ ಅವರಿಗೆ ಐವತ್ತೈದು ವರ್ಷ, ಟಿವಿ ಜಾಹೀರಾತುಗಳಿಗೆ ಸಂಗೀತ ಮಾಡಿ ಪಳಗಿದ ಕೈ. ಮರುವರ್ಷವೇ ಟೋಕಿಯೋದ ಸಂಟೋರಿ ಹಾಲಿನಲ್ಲಿ ಅದರ ವಾದ್ಯಗೋಷ್ಠಿ ನಡೆಯಿತು. ಕ್ರೋನೋ ಟ್ರಿಗರ್ ಬಂದ ಡಬ್ಬಿ ಅದರ ತಮ್ಮ, ಸೂಪರ್ ಫ್ಯಾಮಿಕಾಮ್. ಅದರ ಸದ್ದಿನ ಚಿಪ್ ಸೋನಿಯದು. ಎಂಟು ದನಿಗಳು, 64 ಕಿಲೋಬೈಟ್ ನೆನಪು. ವಾದ್ಯಗಳ ಮಾದರಿಗಳು, ಸ್ವರಗಳು, ಪ್ರತಿಧ್ವನಿ ಎಲ್ಲವೂ ಆ 64ರೊಳಗೆ ಮುದುಡಿ ಕೂರಬೇಕು. ನಿಮ್ಮ ಮೊಬೈಲಿಗೆ ದಿನಾ ಬೆಳಗ್ಗೆ ಬರುವ ಶುಭೋದಯದ ಗುಲಾಬಿ ಚಿತ್ರ ಇದಕ್ಕಿಂತ ದೊಡ್ಡದಿರುತ್ತದೆ.

ಇಷ್ಟರಲ್ಲಿ ಹಾಡು ಹೇಗೆ ಹಿಡಿಯಿತು ಎಂಬುದು ನನ್ನ ತಲೆಗೆ ಹೋಗಿದ್ದು ಸೂರತ್ತಿನಲ್ಲಿ. ದೀಪಾವಳಿ ಕಳೆದ ಮೇಲೆ ಕೀಬೋರ್ಡಿನ ಹುಡುಗ ನಮ್ಮನ್ನು ಮನೆಗೆ ಕರೆದ. ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಗಳಲ್ಲಿ ಬಿಚ್ಚಿ ತೋರಿಸುವ ಸೀರೆಗಳಲ್ಲಿ ಎಷ್ಟೋ ಈ ಊರಿನವು. ಉಧನಾ ಕಡೆ ಅವನ ಕಾಕಾನ ಶೆಡ್ಡು. ಒಳಗೆ ಮಗ್ಗಗಳ ಸದ್ದಿಗೆ ಮಾತು ಕೇಳುವುದಿಲ್ಲ, ಕೈಸನ್ನೆಯೇ. ಎಳೆ ಎತ್ತಿ ಚಿತ್ತಾರ ಮೂಡಿಸಲು ಈಗ ಅಲ್ಲಿ ಎಲ್ಲ ಕಂಪ್ಯೂಟರ್ ಜಕಾರ್ಡ್. ಆದರೆ ಮೂಲೆಯಲ್ಲಿ ಹಳೆಯ ರಟ್ಟಿನ ಕಾರ್ಡುಗಳ ಸರವೊಂದನ್ನು ಗೋಣಿಯಲ್ಲಿ ಸುತ್ತಿ ಇಟ್ಟಿದ್ದರು. ಕಾಕಾ ಅದನ್ನು ಬಿಚ್ಚಿ ಬೆಳಕಿಗೆ ಹಿಡಿದರು. ರಟ್ಟಿನ ತುಂಬ ತೂತುಗಳು. ತೂತಿದ್ದರೆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಆ ರಟ್ಟಿನಲ್ಲಿ ಹೂವಿಲ್ಲ, ನವಿಲೂ ಇಲ್ಲ. ಯಾವ ಎಳೆ ಯಾವಾಗ ಏಳಬೇಕೆಂಬ ಅಪ್ಪಣೆ ಮಾತ್ರ ಇದೆ. ಸರ ಕೊನೆಗೆ ಬಂದರೆ ಮತ್ತೆ ಮೊದಲ ಕಾರ್ಡಿಗೆ ತಿರುಗುತ್ತದೆ, ಸೀರೆಯ ಅಂಚಿನುದ್ದಕ್ಕೂ ಅದೇ ನವಿಲು ಮೂಡುತ್ತ ಹೋಗುತ್ತದೆ. ದೊಡ್ಡಬಳ್ಳಾಪುರದ ಕೇಳುಗರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ.

"ಅಂಕಲ್, ಆ ಕ್ಯಾಸೆಟ್ಟಿನಲ್ಲೂ ಇಷ್ಟೇ ಇರೋದು," ಅಂದ ಹುಡುಗ. ಅದರೊಳಗೆ ಹಾಡಿನ ಧ್ವನಿಮುದ್ರಣ ಇಲ್ಲ. ಈ ಸ್ವರ, ಇಷ್ಟು ಹೊತ್ತು, ಈ ದನಿಯಲ್ಲಿ ಎಂಬ ಅಪ್ಪಣೆ ಇದೆ. ಚಿಪ್ ಅದನ್ನು ಓದುತ್ತ ಆಗಿಂದಾಗಲೇ ನೇಯುತ್ತದೆ.

ಅಪ್ಪಣೆ ಬರೆದಿಟ್ಟು ಸಂಗೀತ ಉಳಿಸುವ ಯೋಚನೆ ವಡೋದರಾಕ್ಕೆ ಹೊಸದೂ ಅಲ್ಲ. ಸೂರಸಾಗರ ಕೆರೆಯ ಹತ್ತಿರದ ಸಂಗೀತ ಕಾಲೇಜಿನ ಬೇರು 1886ರ ಗಾಯನಶಾಲೆಯಲ್ಲಿದೆ. ಅದನ್ನು ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ನಡೆಸಿದ ಉಸ್ತಾದ್ ಮೌಲಾ ಬಕ್ಷ್, ಸ್ವರಗಳನ್ನು ಕಾಗದದ ಮೇಲೆ ಗುರುತು ಹಾಕುವ ಪದ್ಧತಿಯೊಂದನ್ನು ಕಟ್ಟಿದವರು. ಅವರು ಮೊದಲು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತು, ಅಲ್ಲಿನ ಅರಮನೆಯ ಮನ್ನಣೆ ಪಡೆದು ಬಂದಿದ್ದರು. ನಮ್ಮ ನಾಡಿನ ಋಣ ಇಲ್ಲೂ ಸ್ವಲ್ಪ ಇದೆ ಎಂದು ಜಂಬಪಡಲು ಇಷ್ಟು ಸಾಕು.

ಮತ್ತೆ ಆಟಕ್ಕೆ ಬರೋಣ. ಕ್ರೋನೋ ಟ್ರಿಗರ್‌ನಲ್ಲಿ ನನಗೆ ಬಹಳ ಹಿಡಿಸಿದ್ದು ರಾಗ ಮತ್ತು ಕಾಲದ ನಂಟು. ಅದೇ ಸೀಮೆ, ಹೆಚ್ಚು ಕಡಿಮೆ ಅದೇ ನಕಾಶೆ. ಕ್ರಿಸ್ತಶಕ 1000ದಲ್ಲಿ ಜಾತ್ರೆಯ ಗಂಟೆ ಮೊಳಗುವ ಊರು. 600ಕ್ಕೆ ಹೋದರೆ ಅಲ್ಲಿ ಯುದ್ಧ, ಗಾಳಿ ಬೀಸಿದಂತೆ ಒಂದು ವಿಷಾದದ ರಾಗ. 2300ಕ್ಕೆ ಹೋದರೆ ಹಾಳುಬಿದ್ದ ಲೋಕ. ಕ್ರಿಸ್ತಪೂರ್ವ 12000ದಲ್ಲಿ ಮೋಡದ ಮೇಲೆ ತೇಲುವ ರಾಜ್ಯ, ಗರ್ಬಾ ವೇದಿಕೆಯ ಮೇಲೆ ನಾವು ಕೇಳಿದ ಸಿತಾರಿನ ರಾಗ ಅಲ್ಲಿನದು. ಕಣ್ಣು ಮುಚ್ಚಿಕೊಂಡಿದ್ದರೂ ಯಾವ ಯುಗದಲ್ಲಿದ್ದೇವೆ ಎಂದು ಕಿವಿ ಹೇಳುತ್ತದೆ. ಭೈರವ ಬೆಳಗಿಗೆ, ಯಮನ್ ಸಂಜೆಗೆ ಎಂದು ಹೊತ್ತಿಗೊಂದು ರಾಗ ಕಟ್ಟಿಕೊಂಡ ನಮಗೆ ಇದು ತೀರ ಪರಕೀಯ ಅನಿಸಬಾರದು. ಪಾತ್ರಗಳಿಗೂ ಒಂದೊಂದು ರಾಗವಿದೆ. ಕಪ್ಪೆಯಾಗಿ ಶಾಪಗ್ರಸ್ತನಾದ ಯೋಧನಿಗೆ ವೀರದ ನಡೆ, ತುಕ್ಕು ಹಿಡಿದ ಯಂತ್ರಮಾನವನಿಗೆ ಹುರುಪಿನದೊಂದು. ಯಕ್ಷಗಾನದ ಚೌಕಿಯಲ್ಲಿ ಕೂತವನು ಚಂಡೆಯ ಪೆಟ್ಟು ಕೇಳಿಯೇ ರಂಗಸ್ಥಳಕ್ಕೆ ಯಾವ ವೇಷ ಹೋಯಿತು ಅನ್ನುತ್ತಾನಲ್ಲ, ಹಾಗೆ. 2021ರ ಜುಲೈ 23ರಂದು ಟೋಕಿಯೋ ಒಲಿಂಪಿಕ್ಸಿನ ಉದ್ಘಾಟನೆಯಲ್ಲಿ ಎಲ್ಲ ದೇಶದ ಆಟಗಾರರು ಮೈದಾನಕ್ಕೆ ಬಂದದ್ದು ಇಂಥ ಆಟಗಳ ಸಂಗೀತಕ್ಕೇ. ಮೊದಲು ಕೇಳಿಸಿದ್ದು ಡ್ರ್ಯಾಗನ್ ಕ್ವೆಸ್ಟ್, ಆಮೇಲೆ ಆ ಕಪ್ಪೆಯದೂ ಯಂತ್ರಮಾನವನದೂ ಬಂದವು. ಮೇರಿ ಕೋಮ್, ಮನ್‌ಪ್ರೀತ್ ಸಿಂಗ್ ನಮ್ಮ ಬಾವುಟ ಹಿಡಿದು ನಡೆದದ್ದನ್ನು ನಾವೆಲ್ಲ ಟಿವಿಯಲ್ಲಿ ಕಂಡೆವು. ಸಂಗೀತ ಯಾವುದೆಂದು ನಮ್ಮ ಮನೆಯಲ್ಲಿ ಗೊತ್ತಾದದ್ದು ಮಗನೊಬ್ಬನಿಗೇ.

ಇದೇ ರಚನೆಗಳನ್ನು ಈಗ ದೊಡ್ಡ ವಾದ್ಯವೃಂದಗಳು ನುಡಿಸುತ್ತವೆ. ಚೆನ್ನಾಗಿಯೇ ಇರುತ್ತದೆ. ಆದರೂ ನನ್ನ ಕಿವಿಗೆ ಆ ಎಂಟು ದನಿಗಳ ಮೂಲವೇ ಮೇಲು. ಹೋಳಿಗೆಗೆ ಚೆರ್ರಿ ಹಣ್ಣು ಇಟ್ಟರೆ ಯಾರಿಗೆ ಬೇಕು?

ಈಗ ಅಹಮದಾಬಾದಿನ ಕಥೆ. ಯಂತ್ರದಿಂದ ಹುಟ್ಟಿದ ಸಂಗೀತ ನಮ್ಮಲ್ಲಿ ಇರಲೇ ಇಲ್ಲ ಎಂದು ಯಾರಾದರೂ ಹೇಳಿದರೆ ಪಾಲ್ಡಿಯ ಕಡೆ ಬೆರಳು ತೋರಿಸಿ. ಸಾಬರಮತಿಯ ದಡದಲ್ಲಿ 1961ರಲ್ಲಿ ಸುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ, ಅಲ್ಲಿದೆ. 1969ರಲ್ಲಿ ಅಮೆರಿಕದ ಪಿಯಾನೋ ವಾದಕ ಡೇವಿಡ್ ಟ್ಯೂಡರ್ ಅಲ್ಲಿಗೆ ಬಂದು ಮೂಗ್ ಸಿಂಥಸೈಸರ್ ಜೋಡಿಸಿಕೊಟ್ಟರು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ ಇಲ್ಲಿಂದ ಅಲ್ಲಿಗೆ ವೈರು ಸಿಕ್ಕಿಸಿ, ಗುಂಡಿ ತಿರುಗಿಸಿ ಸದ್ದು ಹುಟ್ಟಿಸುವ ಯಂತ್ರ ಅದು. ಇದರ ಹಿಂದೆ ಇದ್ದವರಲ್ಲಿ ಗೀತಾ ಸಾರಾಭಾಯಿ ಒಬ್ಬರು. ಪಖಾವಜ್ ನುಡಿಸುತ್ತಿದ್ದ ಹೆಣ್ಣುಮಗಳು. 1946ರಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ ಸಂಗೀತ ರಚನಕಾರ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟು, ಬದಲಿಗೆ ಅವರಿಂದ ಪಶ್ಚಿಮದ ಸಂಗೀತ ಕಲಿತವರು. ಕೊಡುಕೊಳ್ಳುವ ಲೆಕ್ಕ, ಫೀಸಿಲ್ಲ.

1969ರಿಂದ 1972ರವರೆಗೆ ಆ ಕೋಣೆಯಲ್ಲಿ ಗೀತಾಬೆನ್, ಐ. ಎಸ್. ಮಾಥುರ್, ಎಸ್. ಸಿ. ಶರ್ಮ, ಮುಂದೆ ಕುಮುದಿನಿ ಲಾಖಿಯಾ ಅವರ ಕಥಕ್ ನೃತ್ಯಗಳಿಗೆ ಸಂಗೀತ ಕೊಟ್ಟ ಅತುಲ್ ದೇಸಾಯಿ, ಇನ್ನೂ ವಿದ್ಯಾರ್ಥಿಯಾಗಿದ್ದ ಜಿನರಾಜ್ ಜೋಶಿಪುರಾ, ಇವರೆಲ್ಲ ಟೇಪಿನ ಮೇಲೆ ಸದ್ದು ಹಿಡಿದರು. ಜೋಶಿಪುರಾ ತಮ್ಮ ರಚನೆಗೆ ಇಟ್ಟ ಹೆಸರು ಸ್ಪೇಸ್ ಲೈನರ್ 2001. ಆಕಾಶನೌಕೆಯ ಪಯಣಕ್ಕೆ ಹಿನ್ನೆಲೆ. ಸುಗಿಯಾಮಾ ಅವರ ಡ್ರ್ಯಾಗನ್ ಕ್ವೆಸ್ಟ್ ಸಂಗೀತಕ್ಕೆ ಇನ್ನೂ ಸುಮಾರು ಹದಿನಾಲ್ಕು ವರ್ಷವಾದರೂ ಇತ್ತು.

ಆಮೇಲೆ ಕೋಣೆ ಸುಮ್ಮನಾಯಿತು. ರೀಲುಗಳು ಸಂಸ್ಥೆಯ ಕಪಾಟಿನಲ್ಲಿ ಮಲಗಿದವು. ಸುಮಾರು ಅರ್ಧ ಶತಮಾನ ಕಳೆದ ಮೇಲೆ ಲಂಡನ್ನಿನ ಕಲಾವಿದ ಪಾಲ್ ಪುರ್ಗಾಸ್ ಅವುಗಳನ್ನು ಹುಡುಕಿ ತೆಗೆದರು. 2020ರಲ್ಲಿ ಬಿಬಿಸಿ ರೇಡಿಯೋದಲ್ಲಿ ಅವರ ಕಾರ್ಯಕ್ರಮ ಬಂತು, 2023ರಲ್ಲಿ ಆಯ್ದ ರಚನೆಗಳ ಧ್ವನಿಮುದ್ರಿಕೆ ಹೊರಬಿತ್ತು.

ಮಗ ಅದನ್ನು ಹೆಡ್‌ಫೋನಿನಲ್ಲಿ ಕೇಳಿ, "ಅಪ್ಪಾ, ಇದು ಗೇಮ್ ಥರಾನೇ ಇದೆ," ಅಂದ. ನಾನೂ ಕೇಳಿದೆ. ಕೆಲವು ನನಗೆ ಹತ್ತಲಿಲ್ಲ, ಗುಂಯ್ ಎಂದು ನಡೆದು ಎಲ್ಲೋ ನಿಲ್ಲುತ್ತವೆ. ಶರ್ಮ ಅವರ ನೃತ್ಯಸಂಗೀತದ ತುಣುಕುಗಳು ಮಾತ್ರ ಎರಡನೆಯ ದಿನವೂ ತಲೆಯಲ್ಲಿ ಇದ್ದವು. ಅಲ್ಲಿ ತಾಳವಿದೆ, ಹೋದದ್ದು ತಿರುಗಿ ಬರುತ್ತದೆ. ಸುತ್ತು ಇದೆ.

ಅಹಮದಾಬಾದಿನ ಯಂತ್ರ ಜಪಾನಿನ ಡಬ್ಬಿಗಿಂತ ಶ್ರೀಮಂತ. ಅದನ್ನು ಮುಟ್ಟಿದವರೂ ಸಾಮಾನ್ಯರಲ್ಲ. ಆದರೆ ಆ ಸಂಗೀತ ಕೇಳುತ್ತ ಯಾವ ಹುಡುಗನೂ ರಾತ್ರಿಯಿಡೀ ಕಾಡಿನಲ್ಲಿ ದಾರಿ ಹುಡುಕಲಿಲ್ಲ, ಯಾರೂ ಅದರೊಳಗೆ ವಾಸ ಮಾಡಲಿಲ್ಲ. ಐದು ದನಿಯ, ಎಂಟು ದನಿಯ ಬಡ ಸಂಗೀತಕ್ಕೆ ಆ ಭಾಗ್ಯ ಸಿಕ್ಕಿತು. ಅದೇ ಎನ್‌ಐಡಿಯಲ್ಲಿ ಹುಟ್ಟಿದ ಇನ್ನೊಂದನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ದೂರದರ್ಶನದ ಆ ಕಣ್ಣು, ಎರಡು ಎಸಳು ತಿರುಗಿ ತಿರುಗಿ ಗುಂಡಗೆ ಬಂದು ಕೂರುವ ಚಿಹ್ನೆ, ಅಲ್ಲಿಯದೇ. ಅದರ ಜೊತೆ ಬರುತ್ತಿದ್ದ ನಾದ ಪಂಡಿತ್ ರವಿಶಂಕರ್ ಅವರು ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನರೊಡನೆ ಕಟ್ಟಿದ್ದು. ಕೆಲವೇ ಸೆಕೆಂಡಿನ ಸಂಗೀತ. ನಮ್ಮ ಕಾಲದವರಿಗೆ ಇವತ್ತಿಗೂ ಅದನ್ನು ಕೇಳಿದರೆ ಭಾನುವಾರ ಬೆಳಗಿನ ಉಪ್ಪಿಟ್ಟಿನ ವಾಸನೆ ಬರುತ್ತದೆ. ಆಕಾಶವಾಣಿಯ ಆರಂಭದ ರಾಗವೂ ಹಾಗೆಯೇ. ಯುರೋಪಿನಿಂದ ಜೀವ ಉಳಿಸಿಕೊಂಡು ಬಂದ ವಾಲ್ಟರ್ ಕೌಫ್‌ಮನ್ 1930ರ ದಶಕದಲ್ಲಿ ಮುಂಬಯಿಯಲ್ಲಿ, ಶಿವರಂಜನಿಯ ನೆರಳಿನಲ್ಲಿ ಕಟ್ಟಿದ್ದು. ತಂಬೂರಿಯ ಮೇಲೆ ಪಿಟೀಲು. ದಿನವೂ ಬೆಳಗ್ಗೆ ಅದೇ, ಎಷ್ಟು ಸಾವಿರ ಸಲ ಕೇಳಿದ್ದೇವೋ! ಯಾರಾದರೂ ಸಾಕು ಅಂದದ್ದುಂಟೆ?

ಆಟಗಳ ಸಂಗೀತವೆಲ್ಲ ಚೆನ್ನವೆಂದು ನಾನು ಹೇಳುತ್ತಿಲ್ಲ. ಮಗ ಕೇಳಿಸಿದ್ದರಲ್ಲಿ ಮುಕ್ಕಾಲು ಪಾಲು ಗದ್ದಲವೇ. ಈಗಿನ ಆಟಗಳಿಗೆ ನೆನಪಿನ ಕೊರತೆಯಿಲ್ಲ, ನಿಜವಾದ ವಾದ್ಯವೃಂದವನ್ನೇ ತುಂಬುತ್ತಾರೆ. ಕೇಳಿ ಎದ್ದ ಮೇಲೆ ಗುನುಗಲು ಒಂದು ಸಾಲೂ ಸಿಗುವುದಿಲ್ಲ. ಕ್ರೋನೋ ಟ್ರಿಗರ್‌ನ ಸುಮಾರು ಹತ್ತು ರಾಗಗಳನ್ನಾದರೂ ಆಟವನ್ನೇ ಆಡದ ನಾನು, ಸಂಜೆ ವಾಕಿಂಗಿನಲ್ಲಿ, ಕಮಾಟಿಬಾಗ್ ಉದ್ಯಾನದ ಸುತ್ತು ಹಾಕುತ್ತ ಗುನುಗಬಲ್ಲೆ. ಅದಕ್ಕೆ ನನ್ನ ಸರ್ಟಿಫಿಕೇಟು ಅದೇ.

ಕೊನೆಗೆ ಒಂದು ವಿನಂತಿ. ಅಹಮದಾಬಾದ್, ವಡೋದರಾ, ಸೂರತ್ತಿನ ಕನ್ನಡ ಮನೆಗಳ ಅಟ್ಟದ ಮೇಲೆ ಹಳೆಯ ಟೇಪುಗಳಿವೆ, ನನಗೆ ಗೊತ್ತು. ರಾಜ್ಯೋತ್ಸವದ ಹಾಡು, ಅಜ್ಜಿಯ ಸಂಪ್ರದಾಯದ ಪದ, ಊರಿಂದ ತಂದ ತಾಳಮದ್ದಳೆ. ಈ ಭಾನುವಾರ ಅವುಗಳನ್ನು ಕೆಳಗಿಳಿಸಿ. ಬೂಸ್ಟು ಬಂದಿದ್ದರೆ ನೇರ ಪ್ಲೇಯರಿಗೆ ಹಾಕಬೇಡಿ, ಟೇಪು ಹರಿಯುತ್ತದೆ. ತಿಳಿದವರಿಂದ ಶುಚಿ ಮಾಡಿಸಿ, ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಪೆಟ್ಟಿಗೆಯ ಮೇಲೆ ಯಾರ ದನಿ, ಯಾವ ವರ್ಷ ಎಂದು ಬರೆಯಿರಿ. ಆಮೇಲೆ ಮನೆಯ ಮಕ್ಕಳಿರುವಾಗ ಹಾಕಿ, ಒಂದು ಸಲವಲ್ಲ, ಮತ್ತೆ ಮತ್ತೆ.